ಹಿನ್ನೆಲೆಯನ್ನು ಮಸುಕಾಗಿಸಬೇಡಿ: ದಿನಕ್ಕೊಂದು ಮನೆಚಿತ್ರ ತೆಗೆಯುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಯಾವ ಮನೆಯ ಆಲ್ಬಮ್ ಬಿಡಿಸಿದರೂ ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರಗಳು ಸಾಲಾಗಿ ಸಿಗುತ್ತವೆ. ರೇಷ್ಮೆ ಸೀರೆ ಉಟ್ಟು ಕುರ್ಚಿಯ ಮೇಲೆ ಕುಳಿತ ಅಜ್ಜಿ ಸಿಗುತ್ತಾರೆ. ಬೆಳಗಿನ ಆರು ಗಂಟೆಗೆ ಬಚ್ಚಲೊಲೆಗೆ ಸೌದೆ ಒಡ್ಡುತ್ತಿದ್ದ ಅಜ್ಜಿ ಸಿಗುವುದಿಲ್ಲ. ಆ ಒಲೆ, ಅದರ ಮೇಲಿನ ತಾಮ್ರದ ಹಂಡೆ, ಹೊಗೆ ಹಿಡಿದು ಕಪ್ಪಾದ ಗೋಡೆ, ಗೋಡೆಯ ಗೂಡಿನಲ್ಲಿದ್ದ ಸೀಗೆಪುಡಿಯ ಡಬ್ಬಿ ಇವುಗಳ ಒಂದೇ ಒಂದು ಚಿತ್ರವೂ ಇಲ್ಲದೆ ಹಳೆಯ ಬಚ್ಚಲುಮನೆಗಳು ಕೆಡವಲ್ಪಟ್ಟು ಅಲ್ಲೆಲ್ಲ ಟೈಲ್ಸ್ ಬಂದಿವೆ. ದಿನಕ್ಕೊಂದು ಚಿತ್ರ ತೆಗೆಯಬೇಕೆಂದು ಹೊರಡುವವರು ಈ ಕೊರತೆಯನ್ನು ಗಮನದಲ್ಲಿಟ್ಟುಕೊಂಡು ಆರಂಭಿಸಿದರೆ, ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ಆದ್ದರಿಂದ ಮೊದಲ ಸಲಹೆ: ಫೋನಿನಲ್ಲಿರುವ ಪೋರ್ಟ್ರೇಟ್ ಮೋಡ್ ಅನ್ನು ಈ ಕೆಲಸಕ್ಕೆ ಬಳಸಬೇಡಿ. ಅದು ಮುಖವನ್ನು ಸ್ಪಷ್ಟವಾಗಿಟ್ಟು ಹಿಂದಿನದನ್ನೆಲ್ಲ ಮಸುಕಾಗಿಸುತ್ತದೆ. ಮುಖಗಳು ಮದುವೆಯ ಆಲ್ಬಮ್‌ಗಳಲ್ಲಿ ಬೇಕಾದಷ್ಟಿವೆ. ಇಪ್ಪತ್ತು ವರ್ಷಗಳ ನಂತರ ನೋಡುವವರು ಹುಡುಕುವುದು ಹಿಂದಿದ್ದ ಕ್ಯಾಲೆಂಡರನ್ನು, ಮಿಕ್ಸಿಯನ್ನು, ಮೂಲೆಯಲ್ಲಿಟ್ಟ ಅಕ್ಕಿ ಮೂಟೆಯನ್ನು, ಬಾಗಿಲ ಬಳಿಯ ಚಪ್ಪಲಿಗಳನ್ನು. ಚಿತ್ರ ತೆಗೆಯುವ ಮೊದಲು ಮೇಜು ಒರೆಸಿ, ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಬಕೆಟ್ಟನ್ನು ಮರೆಮಾಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಮನೆಯ ಹೆಂಗಸರಂತೂ ‘ತಡೀರಿ, ಎಲ್ಲಾ ಹರಡಿದೆ’ ಎಂದೇ ಎನ್ನುತ್ತಾರೆ. ಅವರ ಮಾತನ್ನು ಮೀರುವುದು ಸರಿಯಲ್ಲ. ಚಿತ್ರ ಮನೆಯವರಿಗಾಗಿಯೇ ಹೊರತು ಊರಿಗೆ ತೋರಿಸುವುದಕ್ಕಲ್ಲ ಎಂಬುದು ಒಂದೆರಡು ವಾರಗಳಲ್ಲಿ ಅವರಿಗೆ ಮನವರಿಕೆಯಾದರೆ, ಹರಡಿದ್ದನ್ನು ಹರಡಿದಂತೆಯೇ ಬಿಡಲು ತಾವಾಗಿ ಒಪ್ಪುತ್ತಾರೆ.

ದಿನಕ್ಕೊಂದೇ ಚಿತ್ರವೆಂಬ ಕಟ್ಟುಪಾಡಿಗೆ ಒಳ್ಳೆಯ ಮಾದರಿಯೊಂದಿದೆ. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ತಾನು ತೀರಿಕೊಳ್ಳುವವರೆಗೆ ದಿನಕ್ಕೊಂದರಂತೆ ಪೋಲರಾಯ್ಡ್ ಚಿತ್ರಗಳನ್ನು ತೆಗೆದರು. ಗೆಳೆಯರು, ಊಟದ ತಟ್ಟೆ, ಟಿವಿಯ ಪರದೆ, ಕೊನೆಗೆ ಆಸ್ಪತ್ರೆಯ ಹಾಸಿಗೆ ಹೀಗೆ ಕಣ್ಣೆದುರಿಗಿದ್ದುದೆಲ್ಲ ಅವುಗಳಲ್ಲಿವೆ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ಸುತ್ತಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಆದರೂ ಅವರನ್ನು ಜನ ನೆನೆಯುವುದು ಮಕ್ಕಳ ಮತ್ತು ಸಾಮಾನ್ಯರ ದಿನನಿತ್ಯದ ಬದುಕಿನ ಚಿತ್ರಗಳಿಗಾಗಿ. ಇಬ್ಬರಲ್ಲಿಯೂ ನಾವು ಕಲಿಯಬೇಕಾದದ್ದು ಎದುರಿಗಿರುವುದನ್ನು ಬಿಟ್ಟು ಬೇರೆಡೆಗೆ ಹೋಗದಿರುವ ಗುಣವನ್ನು.

ಹೊತ್ತನ್ನು ಗೊತ್ತುಮಾಡಿಕೊಳ್ಳುವಾಗ ಗಡಿಯಾರಕ್ಕಿಂತ ಮನೆಯ ಕೆಲಸವನ್ನು ಹಿಡಿದುಕೊಳ್ಳುವುದು ಮೇಲು. ‘ಬೆಳಿಗ್ಗೆ ಏಳೂವರೆಗೆ’ ಎಂಬ ನಿಯಮ ಭಾನುವಾರಕ್ಕೆ ಮುರಿಯುತ್ತದೆ. ‘ಕಾಫಿ ಬಸಿಯುವಾಗ’ ಎಂಬುದು ಮುರಿಯುವುದಿಲ್ಲ. ವಾರಕ್ಕೊಂದು ಕೆಲಸವನ್ನು ಆರಿಸಿಕೊಳ್ಳಬಹುದು: ಒಂದು ವಾರ ರೊಟ್ಟಿ ತಟ್ಟುವ ಹೊತ್ತು, ಇನ್ನೊಂದು ವಾರ ಮಕ್ಕಳು ಶಾಲೆಯ ವ್ಯಾನಿಗೆ ಓಡುವ ಹೊತ್ತು, ಮತ್ತೊಂದು ವಾರ ಅಜ್ಜ ಕನ್ನಡಕ ಹುಡುಕಿ ಪತ್ರಿಕೆ ಬಿಡಿಸುವ ಹೊತ್ತು. ಕೆಲಸದಲ್ಲಿರುವವರು ಕ್ಯಾಮೆರಾದ ಕಡೆ ನೋಡುವುದಿಲ್ಲ, ಹಲ್ಲು ಕಿರಿಯುವುದಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಡಕಾಡುವುದೂ ಇಲ್ಲ. ಅಕ್ಕಿರೊಟ್ಟಿ ತಟ್ಟುವವರ ಮುಖಕ್ಕಿಂತ ಬೆರಳುಗಳ ತುದಿಯಲ್ಲಿ ಹೆಚ್ಚಿನ ವಿಷಯವಿರುತ್ತದೆ. ಬಾಳೆಲೆಯ ಮೇಲೆ ಹಿಟ್ಟಿನುಂಡೆಯನ್ನು ತಿರುಗಿಸುತ್ತ ಅಂಚನ್ನು ಒಳಕ್ಕೆ ಒತ್ತುವ ಆ ಕ್ಷಣಕ್ಕೆ, ಅಂದರೆ ರೊಟ್ಟಿ ಇನ್ನೂ ಪೂರ್ತಿ ದುಂಡಗಾಗದಿರುವಾಗಲೇ, ಗುಂಡಿ ಒತ್ತಬೇಕು.

ನಮ್ಮ ಕಡೆಯ ಮನೆಗಳ ಬೆಳಕಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಂಚಿನ ಮನೆಗಳಲ್ಲಿ ಕಿಟಕಿ ಸಣ್ಣದು, ಒಳಗೆ ಕತ್ತಲು, ಬಾಗಿಲಾಚೆ ಕಣ್ಣು ಕುಕ್ಕುವ ಅಂಗಳ. ಬಾಗಿಲಿನಲ್ಲಿ ನಿಂತವರನ್ನು ಒಳಗಿನಿಂದ ತೆಗೆದರೆ ಕಪ್ಪು ನೆರಳೊಂದೇ ಉಳಿಯುತ್ತದೆ. ನೀವೇ ಬಾಗಿಲಿಗೆ ಬೆನ್ನು ಮಾಡಿ ಒಂದು ಪಕ್ಕಕ್ಕೆ ಸರಿದು ನಿಂತರೆ ಅಂಗಳದ ಬೆಳಕು ನಿಮ್ಮನ್ನು ದಾಟಿ ಎದುರಿನವರ ಮುಖಕ್ಕೆ ಬೀಳುತ್ತದೆ. ಹಾಗೆ ನಿಲ್ಲಲು ಸಾಧ್ಯವಿಲ್ಲದಿದ್ದಾಗ, ಪರದೆಯ ಮೇಲೆ ಅವರ ಮುಖವಿರುವಲ್ಲಿ ಬೆರಳಿನಿಂದ ಮುಟ್ಟಿದರೆ ಫೋನು ಆ ಭಾಗಕ್ಕೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಹೊರಗಿನ ಅಂಗಳ ಬಿಳಿಚಿಕೊಂಡರೂ ಚಿಂತೆಯಿಲ್ಲ. ಹಸಿರು ಅಥವಾ ನೀಲಿ ಬಣ್ಣ ಬಳಿದ ಗೋಡೆಯ ಪಕ್ಕದಲ್ಲಿ ಕುಳಿತವರ ಕೆನ್ನೆಗೆ ಆ ಬಣ್ಣದ ಛಾಯೆ ಬರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಗೋಡೆಯಿಂದ ಎರಡಡಿ ಮುಂದಕ್ಕೆ ಬಂದರೆ ಸಾಕು.

ಮಾಡಿನ ನಡುವೆ ಗಾಜಿನ ಹಂಚು ಕೂಡಿಸಿರುವ ಮನೆಯವರು ಅದೃಷ್ಟವಂತರು. ಒಲೆಯ ಹೊಗೆ ಏಳುವ ಹೊತ್ತಿಗೆ ಅದರಿಂದಿಳಿಯುವ ಬಿಸಿಲುಕೋಲು ಕಣ್ಣಿಗೆ ಕಾಣುವಷ್ಟು ಗಟ್ಟಿಯಾಗಿರುತ್ತದೆ. ಈ ಬಿಸಿಲು ನೆಲದ ಮೇಲೆ ಬೀಳುವ ಜಾಗ ವರ್ಷವಿಡೀ ಒಂದೇ ಆಗಿರುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಹಗಲಿನ ಬಿಸಿಲಿನ ಚೌಕ ಹಂಚಿನಿಂದ ಹಲವು ಅಡಿ ಉತ್ತರಕ್ಕೆ ಬೀಳುತ್ತದೆ; ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದ ನಂತರದ ಕೆಲವು ದಿನಗಳಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಹಂಚಿನ ನೇರ ಕೆಳಗೆ ಬೀಳುತ್ತದೆ; ಜೂನಿನಲ್ಲಿ ಮೋಡ ಬಿಟ್ಟುಕೊಟ್ಟರೆ ತುಸು ದಕ್ಷಿಣಕ್ಕೆ ಸರಿದಿರುತ್ತದೆ. ತಿಂಗಳಿಗೊಮ್ಮೆ ಆ ಚೌಕದ ಚಿತ್ರವನ್ನು, ಅದರೊಳಗೆ ಬಂದು ಕೂರುವ ಬೆಕ್ಕು ಅಥವಾ ಮಗುವಿನ ಸಮೇತ, ಒಂದೇ ಮೂಲೆಯಲ್ಲಿ ನಿಂತು ತೆಗೆಯಿರಿ. ನಡುಹಗಲು ಎಂದರೆ ಇಲ್ಲಿ ಗಡಿಯಾರದ ಹನ್ನೆರಡಲ್ಲ. ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ, ಹಾಸನ ಮತ್ತು ಚಿಕ್ಕಮಗಳೂರುಗಳು 76 ಡಿಗ್ರಿಯ ಆಸುಪಾಸಿನಲ್ಲಿವೆ. ಹೀಗಾಗಿ ಸೂರ್ಯ ಅತ್ಯಂತ ಮೇಲೇರುವುದು ಸರಾಸರಿ 12 ಗಂಟೆ 25 ನಿಮಿಷಕ್ಕೆ. ಆ ಹೊತ್ತಿನಲ್ಲಿ ಬಯಲಿನಲ್ಲಿ ನಿಂತವರ ಕಣ್ಣುಗುಳಿಗಳಲ್ಲಿ ಕಪ್ಪು ನೆರಳು ತುಂಬಿಕೊಳ್ಳುವುದರಿಂದ ಮನುಷ್ಯರನ್ನು ಜಗಲಿಗೆ ಕರೆದುಕೊಳ್ಳಬೇಕು.

ಮಳೆಗಾಲದಲ್ಲಿ ಬೆಳಕಿಲ್ಲವೆಂದು ಜೂನಿನಿಂದ ಸೆಪ್ಟೆಂಬರಿನವರೆಗೆ ಕ್ಯಾಮೆರಾ ಮಡಿಚಿಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮುಖಗಳಿಗೆ ಅದಕ್ಕಿಂತ ಒಳ್ಳೆಯ ಬೆಳಕು ವರ್ಷದಲ್ಲಿ ಇನ್ನೊಂದಿಲ್ಲ; ಮೋಡದಿಂದ ಹರಡಿ ಬರುವ ಬೆಳಕಿನಲ್ಲಿ ಗಡುಸಾದ ನೆರಳುಗಳೇ ಇರುವುದಿಲ್ಲ. ಬೆಳಕಿನ ಪ್ರಮಾಣ ಕಡಿಮೆಯಿರುವುದರಿಂದ ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ, ಅಷ್ಟೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಭುಜವನ್ನು ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಆನಿಸಿ, ಉಸಿರು ಹಿಡಿದು ತೆಗೆಯಬೇಕು. ಸಂಜೆಯ ಬಲ್ಬಿನ ಬೆಳಕಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಮೂಡುತ್ತಿದ್ದರೆ ಅದು ಫೋನಿನ ದೋಷವಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಟ್ಟುಕೊಳ್ಳುವ ಅವಧಿಯನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆಗಳು ಹೋಗುತ್ತವೆ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ ಶಾಲೆಯ ಸಮವಸ್ತ್ರ, ಕಣಿಲೆ ಹೆಚ್ಚುವ ಈಳಿಗೆಮಣೆ, ಕರೆಂಟು ಹೋದ ರಾತ್ರಿ ಚಿಮಣಿಯ ಸುತ್ತ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು ಇವೆಲ್ಲ ಆ ನಾಲ್ಕು ತಿಂಗಳುಗಳಲ್ಲಿಯೇ ಸಿಗುವಂಥವು. ತೇವದಿಂದ ಲೆನ್ಸಿನೊಳಗೆ ಬೂಷ್ಟು ಹಿಡಿಯುವ ಭಯ ಮಾತ್ರ ನಿಜವಾದದ್ದು. ಬೇರೆ ಕ್ಯಾಮೆರಾ ಇರುವವರು ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಟ್ಟು, ಹರಳುಗಳ ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ ತೇವ ಕಳೆದು ಮತ್ತೆ ಬಳಸಬೇಕು. ಚರ್ಮದ ಚೀಲದಲ್ಲಿ ಕಪಾಟಿನೊಳಗೆ ಇಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ.

ತೋಟದ ಮನೆಗಳಲ್ಲಿ ವರ್ಷದ ಲೆಕ್ಕ ಕಾಫಿಯ ಜೊತೆ ನಡೆಯುವುದರಿಂದ ಅಲ್ಲಿಯವರಿಗೆ ವಿಷಯದ ಬಡತನವಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು-ಹತ್ತು ದಿನಗಳಿಗೆ ಗಿಡ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನಗಳಲ್ಲಿ ಹೂ ಬಾಡುತ್ತದೆ. ಆ ಬೆಳ್ಳನೆಯ ಸಾಲುಗಳನ್ನು ಪ್ರವಾಸಿಗರೂ ತೆಗೆಯುತ್ತಾರೆ. ಮಳೆ ಬರುವ ಮೊದಲು ದಿನವೂ ಆಕಾಶ ನೋಡುತ್ತ ಜಗಲಿಯಲ್ಲಿ ನಿಲ್ಲುವ ಅಪ್ಪನನ್ನು ತೆಗೆಯಬಲ್ಲವರು ನೀವು ಮಾತ್ರ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಹಣ್ಣು ದಿನದಿಂದ ದಿನಕ್ಕೆ ಕೆಂಪಿನಿಂದ ಕಪ್ಪಿಗೆ ತಿರುಗುವುದನ್ನು ಒಂದೇ ಜಾಗದಿಂದ ಹತ್ತು ದಿನ ತೆಗೆದರೆ ಅದೊಂದು ಒಳ್ಳೆಯ ಸರಣಿ. ತೋಟಕ್ಕೆ ಬರುವ ಕೆಲಸದವರ ಚಿತ್ರ ತೆಗೆಯುವ ಮುನ್ನ ಅವರನ್ನು ಕೇಳಲೇಬೇಕು. ಮಾಲೀಕರು ಕೇಳಿದಾಗ ಬೇಡವೆನ್ನುವುದು ಅವರಿಗೆ ಕಷ್ಟವೆಂಬುದನ್ನೂ ನೆನಪಿನಲ್ಲಿಟ್ಟುಕೊಂಡು, ಹಿಂಜರಿಕೆ ಕಂಡರೆ ಬಿಟ್ಟುಬಿಡಬೇಕು, ಒಪ್ಪಿದರೆ ಮುದ್ರಿತ ಪ್ರತಿಯೊಂದನ್ನು ಕೊಡಬೇಕು.

ಬೇಲೂರು, ಹಳೇಬೀಡುಗಳಿಗೆ ನೆಂಟರನ್ನು ಕರೆದೊಯ್ದ ದಿನ ಆ ದಿನದ ಒಂದು ಚಿತ್ರವನ್ನು ಶಿಲಾಬಾಲಿಕೆಗೆ ಕೊಡಬೇಡಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಗಳ ಚಿತ್ರ ನಿಮ್ಮದಕ್ಕಿಂತ ಚೆನ್ನಾಗಿ ಬೇರೆಯವರು ತೆಗೆದಿದ್ದಾರೆ. ಕಾದ ಚಪ್ಪಡಿಯ ಮೇಲೆ ಕಾಲು ಸುಡುತ್ತದೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ನೆರಳಿಗೆ ಓಡುವ ಚಿಕ್ಕಮ್ಮನನ್ನು ತೆಗೆಯಲು ಅಲ್ಲಿ ನೀವಲ್ಲದೆ ಯಾರೂ ಇರುವುದಿಲ್ಲ.

ಕ್ಯಾಮೆರಾ ಹಿಡಿದವರು ಯಾವ ಚಿತ್ರದಲ್ಲಿಯೂ ಇರುವುದಿಲ್ಲವೆಂಬುದು ಈ ಅಭ್ಯಾಸದ ದೊಡ್ಡ ಕೊರತೆ. ವಾರದಲ್ಲಿ ಒಂದು ದಿನ ಫೋನನ್ನು ಮನೆಯ ಮಗುವಿನ ಕೈಗೆ ಕೊಡಿ, ಇನ್ನೊಂದು ದಿನ ಅಜ್ಜಿಯ ಕೈಗೆ. ಮಗುವಿನ ಎತ್ತರದಿಂದ ಮನೆ ಬೇರೆಯೇ ಆಗಿ ಕಾಣುತ್ತದೆ: ಮೇಜಿನ ಅಡಿಭಾಗ, ದೊಡ್ಡವರ ಮೊಣಕಾಲು, ನಾಯಿಯ ಮೂಗು. ಅಜ್ಜಿಯ ಬೆರಳು ಲೆನ್ಸಿಗೆ ಅಡ್ಡ ಬಂದಿದ್ದರೂ ಆ ಚಿತ್ರವನ್ನು ಅಳಿಸಬಾರದು.

ಒಂದೇ ದಿನ ಐದಾರು ತೆಗೆದಿದ್ದರೆ ಮಲಗುವ ಮುನ್ನ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಳಿಸಬೇಕು. ನಾಳೆಗೆ ಬಿಟ್ಟರೆ ಆಗುವುದಿಲ್ಲ. ಎಲ್ಲರೂ ಚೆಂದವಾಗಿ ಕಾಣುವುದನ್ನು ಬಿಟ್ಟು, ಆ ದಿನದ ಬಗ್ಗೆ ಹೆಚ್ಚು ಹೇಳುವುದನ್ನು ಆರಿಸಿ. ತಪ್ಪಿದ ದಿನವನ್ನು ಖಾಲಿ ಬಿಡಿ, ಮರುದಿನದ ಚಿತ್ರಕ್ಕೆ ಹಿಂದಿನ ತಾರೀಖು ಹಾಕಿ ತುಂಬಿಸಬೇಡಿ. ಕಾಯಿಲೆ, ಸಾವುಗಳ ದಿನಗಳಲ್ಲಿ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಮಲಗಿರುವವರ ಒಪ್ಪಿಗೆಯಿದ್ದರೆ ತೆಗೆಯಬಹುದು, ಇಲ್ಲದಿದ್ದರೆ ಮಂಚದ ಪಕ್ಕದ ಔಷಧಿಗಳನ್ನೋ ಬಿಸಿನೀರಿನ ಫ್ಲಾಸ್ಕನ್ನೋ ತೆಗೆಯಬಹುದು. ಸೂತಕದ ದಿನಗಳಲ್ಲಿ ಮನೆಯ ಹಿರಿಯರು ಬೇಡವೆಂದರೆ ಅಲ್ಲಿಗೆ ಮಾತು ಮುಗಿಯಿತು.

ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆದಿಡುವುದು ಚಿತ್ರ ತೆಗೆಯುವಷ್ಟೇ ಮುಖ್ಯ. ‘ದೊಡ್ಡಮ್ಮ, ಹಿತ್ತಿಲು’ ಎಂದಷ್ಟೇ ಬರೆದರೆ ಯಾರ ದೊಡ್ಡಮ್ಮ, ಯಾವ ಊರಿನ ಹಿತ್ತಿಲು ಎಂದು ಮುಂದಿನ ತಲೆಮಾರಿಗೆ ತಿಳಿಯದು. ಹೆಸರು, ಊರು, ಮಾಡುತ್ತಿರುವ ಕೆಲಸ ಮೂರೂ ಇರಲಿ: ಹಲಸಿನ ಹಪ್ಪಳ ಒತ್ತುತ್ತಿರುವುದು, ಈ ವರ್ಷ ಹಣ್ಣು ಕಡಿಮೆ, ಪಕ್ಕದ ಮನೆಯವರ ಮರದ್ದು. ಕಡತದ ಹೆಸರನ್ನು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-06-14 ಎಂಬಂತೆ ಇಟ್ಟರೆ ಕಂಪ್ಯೂಟರು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯನ್ನೂ ಕಳೆದುಕೊಳ್ಳುತ್ತದೆ. ಮೂಲ ಪ್ರತಿ ಬೇಕಾದವರಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು. ಸ್ನಾನದ ಮಕ್ಕಳ ಚಿತ್ರಗಳು ಯಾವ ಗುಂಪಿಗೂ ಹೋಗಕೂಡದು. ಒಂದು ಚಿತ್ರ ನಾಲ್ಕು ಎಂಬಿ ಎಂದಿಟ್ಟುಕೊಂಡರೂ ವರ್ಷಕ್ಕೆ ಒಂದೂವರೆ ಜಿಬಿ ಮೀರುವುದಿಲ್ಲ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಬೇಕು. ಸಿಡಿಲಿಗೆ ಟಿವಿ, ಕಂಪ್ಯೂಟರು ಒಟ್ಟಿಗೆ ಸುಟ್ಟ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ.

ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಹತ್ತು ಚಿತ್ರಗಳನ್ನಾದರೂ ಸ್ಟುಡಿಯೊದಲ್ಲಿ ಮುದ್ರಿಸಿ ತನ್ನಿ. ನಾಲ್ಕು-ಆರು ಇಂಚಿನ ಅಳತೆಗೆ 1200 ಮತ್ತು 1800 ಪಿಕ್ಸೆಲ್‌ಗಳಿದ್ದರೆ ಸಾಕಾಗುವುದರಿಂದ ಈಗಿನ ಯಾವ ಫೋನಿನ ಮೂಲ ಚಿತ್ರವಾದರೂ ನಡೆಯುತ್ತದೆ. ಆಲ್ಬಮ್ಮನ್ನು ಮಳೆ ಹೊಡೆಯುವ ಕಡೆಯ ಗೋಡೆಗೆ ಆನಿಸಿದ ಕಪಾಟಿನಲ್ಲಿ ಇಡಬಾರದು. ಚಿತ್ರವನ್ನು ಗಾಜಿಗೆ ತಾಗಿಸಿ ಚೌಕಟ್ಟು ಹಾಕಿಸಿದರೆ ತೇವಕ್ಕೆ ಗಾಜಿಗೇ ಅಂಟಿಕೊಳ್ಳುತ್ತದೆ. ನಡುವೆ ದಪ್ಪ ಕಾಗದದ ಅಂಚು ಹಾಕಲು ಅಂಗಡಿಯವರಿಗೆ ಹೇಳಬೇಕು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗೆರೆಗಳು ಮುಂದಕ್ಕೆ ಉಬ್ಬುತ್ತವೆ. ಬೇಗ ಒಣಗುವ ಶಾಯಿಯ ಸಣ್ಣ ಮೊನೆಯ ಮಾರ್ಕರಿನಿಂದ ಅಂಚಿನಲ್ಲಿ ಹಗುರವಾಗಿ ಬರೆದು, ಶಾಯಿ ಪೂರ್ತಿ ಆರಿದ ಮೇಲೆಯೇ ಒಂದರ ಮೇಲೊಂದು ಜೋಡಿಸಬೇಕು. ಆಷಾಢದಲ್ಲಿ ಇದಕ್ಕೆ ಮಾಮೂಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.