ಶಾಲ್ಮಲೆಯ ಮೀನು, ಬೆಣ್ಣಿಹಳ್ಳದ ಮೀನು

ಧಾರವಾಡದಲ್ಲಿ ಬಿದ್ದ ಮಳೆ ಎರಡು ಸಮುದ್ರಕ್ಕೆ ಹೋಗುತ್ತದೆ. ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿ, ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಎರಡೂ ಕಡೆ ಒಂದೇ ಥರ ಕಾಣುವ ಸಣ್ಣ ಮೀನುಗಳ ಡಿಎನ್‌ಎ ಎಷ್ಟು ಬೇರೆಯಾಗಿದೆ ಅಂತ ನೋಡಬೇಕಿತ್ತು.

ರೋಹು, ಕಟ್ಲಾ ಬೇಡ ಎಂದು ಮೊದಲೇ ನಿರ್ಧರಿಸಿದೆ. ಅವು ಉತ್ತರದ ನದಿಗಳ ಮೀನು. ಇಲ್ಲಿ ಮರಿ ತಂದು ಕೆರೆಗೆ ಬಿಡುತ್ತಾರೆ. ಅವುಗಳ ಡಿಎನ್‌ಎ ಓದಿದರೆ ಮರಿ ಸಾಕಿದ ಕೇಂದ್ರದ ಕಥೆ ಸಿಗುತ್ತದೆಯೇ ಹೊರತು ಹಳ್ಳದ್ದಲ್ಲ. ಹಾಗಾಗಿ ಯಾರೂ ತಂದು ಬಿಡದ ರಾಸ್ಬೋರಾ ಆರಿಸಿದೆ. ಬೆರಳುದ್ದದ ಮೀನು, ಪಕ್ಕೆಯಲ್ಲಿ ಕಪ್ಪು ಗೆರೆ. "ಇಷ್ಟ್ ಸಣ್ಣ ಮೀನಿಂದ ಏನ್ ಮಾಡ್ತೀರಿ ಸರ್? ದೊಡ್ಡವು ಅದಾವು, ಒಯ್ಯಿರಿ" ಎಂದರು ಬಲೆ ಹಾಕುವ ಕಾಕಾ. ಸಂತೆಯ ಮೀನೂ ತರಲಿಲ್ಲ. ಎಲ್ಲಿ ಹಿಡಿದದ್ದು ಅಂತ ಖಚಿತವಾಗದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ ಅಲ್ವಾ?

ಬಾಲದ ರೆಕ್ಕೆಯ ಅಂಚನ್ನು ಅಕ್ಕಿಕಾಳಿನಷ್ಟು ಕತ್ತರಿಸಿ 95% ಎಥನಾಲ್‌ಗೆ ಹಾಕುತ್ತೇನೆ. ಮೀನು ವಾಪಸ್ ನೀರಿಗೆ. ರೆಕ್ಕೆ ಮತ್ತೆ ಬೆಳೆಯುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಟ್ಯೂಬಿನ ಒಳಗೆ ಹಾಕಬೇಕು. ಎಥನಾಲ್ ತಾಗಿದರೆ ಪೆನ್ನಿನ ಶಾಯಿ ಕರಗುತ್ತದೆ.

ಎರಡು ಬಗೆಯ ಮಾರ್ಕರ್, ಅಂದರೆ ಮೀನು-ಮೀನಿಗೆ ಹೋಲಿಸಿ ನೋಡುವ ಡಿಎನ್‌ಎ ತುಣುಕು, ಬಳಸಿದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಬಿ ಎಂಬ ಜೀನ್ ತಾಯಿಯಿಂದ ಮಾತ್ರ ಬರುತ್ತದೆ. ಹಳೆಯ ಅಗಲಿಕೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಮೈಕ್ರೊಸ್ಯಾಟಲೈಟ್, ಅಂದರೆ ಕೆಲವೇ ಅಕ್ಷರಗಳು ಮತ್ತೆ ಮತ್ತೆ ಬರುವ ಡಿಎನ್‌ಎ ಭಾಗ, ತಂದೆ-ತಾಯಿ ಇಬ್ಬರಿಂದಲೂ ಬರುತ್ತದೆ, ಬೇಗ ಬದಲಾಗುತ್ತದೆ, ಇತ್ತೀಚಿನದ್ದನ್ನು ಹೇಳುತ್ತದೆ. ಆದರೆ ಅದನ್ನು ಓದುವುದು ಕಷ್ಟ. ಯಂತ್ರ ಕೊಡುವ ಗ್ರಾಫಿನಲ್ಲಿ ನಿಜವಾದ ಪೀಕ್ (ಮೇಲೆದ್ದ ಗೆರೆ) ಪಕ್ಕದಲ್ಲೇ ಚಿಕ್ಕ ನೆರಳು ಪೀಕ್‌ಗಳು ಏಳುತ್ತವೆ. ಸಾಫ್ಟ್‌ವೇರ್ ಹೇಳಿದ್ದನ್ನು ಸುಮ್ನೆ ಒಪ್ಪಿಕೊಳ್ಳದೆ ಪ್ರತಿ ಮೀನಿನದ್ದನ್ನೂ ಕಣ್ಣಾರೆ ನೋಡಿದೆ. ಆ ಭಾಗವನ್ನು ನಕಲು ಮಾಡಲು ಬಳಸುವ ಚಿಕ್ಕ ಡಿಎನ್‌ಎ ತುಣುಕು, ಅಂದರೆ ಪ್ರೈಮರ್, ಸರಿಯಾಗಿ ಕೂರದಿದ್ದರೆ ಒಂದು ಆಲೀಲ್ (ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ರೂಪ) ಕಾಣುವುದೇ ಇಲ್ಲ. ಎರಡು ಬೇರೆ ಆಲೀಲ್ ಇರುವ ಮೀನು ಒಂದೇ ಇದ್ದಂತೆ ತೋರುತ್ತದೆ. ಅಂಥ ಅನುಮಾನ ಬಂದ ಮಾರ್ಕರ್‌ಗಳನ್ನು ಕೈಬಿಟ್ಟೆ.

ಇನ್ನೊಂದು ಎಚ್ಚರಿಕೆ: ಮರಿಗಳನ್ನು ಒಂದೇ ಗುಂಡಿಯಿಂದ ಜಾಸ್ತಿ ಹಿಡಿಯಬಾರದು. ಅಣ್ಣತಮ್ಮಂದಿರೇ ಸಿಕ್ಕರೆ ಎರಡು ಹಳ್ಳಗಳ ವ್ಯತ್ಯಾಸ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ದೂರ ದೂರದ ಜಾಗಗಳಲ್ಲಿ, ಬೆಳೆದ ಮೀನನ್ನೇ ಹಿಡಿಸುತ್ತೇನೆ.

ಈಗ ಹಾವೇರಿ ಜಿಲ್ಲೆಯ ಗಳಗನಾಥದ ಬಳಿ, ವರದಾ ತುಂಗಭದ್ರೆ ಸೇರುವಲ್ಲಿ, ಎರಡೂ ನದಿಗಳ ಮೀನು ಸಂಗ್ರಹಿಸುತ್ತಿದ್ದೇನೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಈಜಿಹೋಗಲು ದಾರಿ ಇದೆ. ದಾರಿ ಇದ್ದಾಗ ವ್ಯತ್ಯಾಸ ಎಷ್ಟು ಅಂತ ತಿಳಿದರೆ, ಶಾಲ್ಮಲೆ-ಬೆಣ್ಣಿಹಳ್ಳದ ಅಂಕಿಯನ್ನು ಅದರ ಪಕ್ಕ ಇಟ್ಟು ಅಳೆಯಬಹುದು.