ಹುಳ ಕಚ್ಚಿದ ತುರಿಕೆಗೆ ಮನೆಯಲ್ಲೇ ಉಪಶಮನ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟಕ್ಕೆ ಇಳಿದವರು ಸೊಳ್ಳೆ, ಇಂಬಳ (ಜಿಗಣೆ)ಗಳಿಂದ ತಪ್ಪಿಸಿಕೊಂಡು ಬರುವುದು ಕಷ್ಟ. ಸೊಳ್ಳೆಯ ಜೊಲ್ಲಿಗೆ ಪ್ರತಿಯಾಗಿ ನಮ್ಮ ದೇಹವೇ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವುದರಿಂದ ಚರ್ಮ ಉಬ್ಬಿ ತುರಿಸುತ್ತದೆ; ಕೆರೆದಷ್ಟೂ ತುರಿಕೆ ಹೆಚ್ಚುತ್ತದೆ, ಉಗುರಿನ ಕೊಳೆ ಸೇರಿದರೆ ಕೀವಾಗುತ್ತದೆ.

ಆದ್ದರಿಂದ ಮೊದಲು ಆ ಜಾಗವನ್ನು ಸೋಪು ಹಚ್ಚಿ ತೊಳೆದು, ತೆಳುಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಹತ್ತು ನಿಮಿಷ ಇಡಬೇಕು. ಕರೆಂಟಿಲ್ಲದ ದಿನಗಳಲ್ಲಿ ಬಾವಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಸಾಕು. ಬಳಿಕ ಒಂದು ಚಮಚ ಅಡುಗೆ ಸೋಡಾಕ್ಕೆ ದೋಸೆ ಹಿಟ್ಟಿನ ಹದ ಬರುವಷ್ಟು ನೀರು ಬೆರೆಸಿ ಲೇಪಿಸಿ, ಹತ್ತು ನಿಮಿಷದ ನಂತರ ತೊಳೆಯಬಹುದು. ಚರ್ಮ ಒಡೆದಿದ್ದರೆ ಸೋಡಾ ಬೇಡ. ಲೋಳೆಸರವನ್ನು ಬಳಸುವವರು ಎಲೆಯನ್ನು ಕತ್ತರಿಸಿ, ಹಳದಿ ರಸ ಪೂರ್ತಿ ಸೋರಿದ ಮೇಲೆ ಒಳಗಿನ ತಿಳಿ ಲೋಳೆಯನ್ನಷ್ಟೇ ಹಚ್ಚಬೇಕು, ಏಕೆಂದರೆ ಆ ರಸವೇ ಕೆಲವರಿಗೆ ತುರಿಕೆ ತರುತ್ತದೆ. ಎಲೆಯಡಿಕೆ ತಟ್ಟೆಯ ಸುಣ್ಣ ಬಳಿಯುವ ರೂಢಿ ನಮ್ಮಲ್ಲಿದೆ. ಅದು ಚರ್ಮವನ್ನು ಸುಡುವ ಕ್ಷಾರ, ಬೇಡವೇ ಬೇಡ.

ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ, ಮೊದಲು ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು. ತುರಿಕೆಯ ಉಪಚಾರ ಆಮೇಲೆ.

ಉಣುಗಿನ ವಿಷಯವೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಸೀಮೆಎಣ್ಣೆ ಸುರಿಯದೆ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಮುಂದಿನ ದಿನಗಳಲ್ಲಿ ಜ್ವರ, ತಲೆನೋವು ಕಾಣಿಸಿದರೆ, ಅಥವಾ ಯಾವುದೇ ಹುಳ ಕಚ್ಚಿದ ಮೇಲೆ ಮುಖ ಊದಿ ಉಸಿರಾಟ ಕಷ್ಟವಾದರೆ, ಮನೆಮದ್ದು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.