ಉತ್ತರಕುಮಾರನ ಹಾಳೆಗೆ ಕರ್ಣನ ಹಾಳೆ ಹೊಲಿದೆ

ನಾನು ಗದಗಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ನಮ್ಮ ಊರಿಗೆ ಮುದ್ರಣ ಕಾಶಿ ಅನ್ನುತ್ತಾರೆ. ಅಷ್ಟು ಪ್ರೆಸ್‌ಗಳು ಇಲ್ಲಿವೆ. ಕಟಿಂಗ್ ಮಷಿನ್ನಿನ ಕೆಳಗೆ ಬಿದ್ದ ಕಾಗದ, ಲೆಕ್ಕಕ್ಕಿಂತ ಉಳಿದ ಖಾಲಿ ಹಾಳೆ, ಇವು ನನಗೆ ಎಂದೂ ಕಡಿಮೆ ಬಿದ್ದಿಲ್ಲ. ಆ ಹಾಳೆಗಳಲ್ಲೇ ನಾನು ಮಹಾಭಾರತದ ಪಾತ್ರಗಳನ್ನು ಬರೆದಿಡುತ್ತೇನೆ. ಒಂದು ಪಾತ್ರಕ್ಕೆ ಒಂದು ಹಾಳೆ. ಎರಡು ಪಾತ್ರ ಒಂದಕ್ಕೊಂದು ಹೊಂದುತ್ತವೆ ಅನ್ನಿಸಿದರೆ ಎರಡೂ ಹಾಳೆ ಸೇರಿಸಿ ಹೊಲಿಯುತ್ತೇನೆ. ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ಹೊಲಿದ ಜೋಡಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉತ್ತರಕುಮಾರ ಮತ್ತು ಕರ್ಣರದ್ದು. ಅದು ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ.

ಮೊದಲು ಉತ್ತರ. ಅವನು ನನ್ನ ಮನಸ್ಸಿಗೆ ಬಂದದ್ದು ಪುಸ್ತಕದಿಂದಲ್ಲ. ಎಂಟನೇ ಇಯತ್ತೆಯಲ್ಲಿದ್ದಾಗ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಒಂದು ವಾರ ಅವ್ವನ ಮುಂದೆ, ಅಕ್ಕನ ಮುಂದೆ ದೊಡ್ಡ ದನಿಯಲ್ಲಿ ಹೇಳಿ ತೋರಿಸಿದ್ದೆ. ಸ್ಟೇಜ್ ಹತ್ತಿ ಎದುರಿಗೆ ಕುಳಿತ ಜನರನ್ನು ನೋಡಿದೆ. ಕಾಲು ನಡುಗಿತು. ಮೂರು ಸಾಲು ಹೇಳಿ ಇಳಿದು ಓಡಿದೆ. ಅಲ್ಲಿದ್ದ ಹಿರಿಯರೊಬ್ಬರು, "ಉತ್ತರನ ಪೌರುಷ ಒಲಿ ಮುಂದ" ಅಂದರು. ಎಲ್ಲರೂ ನಕ್ಕರು. ಎರಡು ವರ್ಷ ನನ್ನ ಹೆಸರೇ ಉತ್ತರಕುಮಾರ ಆಯಿತು. ಆ ಸಿಟ್ಟಿಗೆ, ಈ ಉತ್ತರ ಯಾರು, ಏನು ಮಾಡಿದ ಅಂತ ಹುಡುಕಿ ಓದಿದೆ. ಓದುತ್ತ ಹೋದಂತೆ ಸಿಟ್ಟು ಇಳಿಯಿತು. ಅವನ ಮೇಲೆ ಪ್ರೀತಿ ಹುಟ್ಟಿತು.

ಹಾಳೆ ಬರೆಯುವ ರೀತಿ ಹೇಳಿಬಿಡುತ್ತೇನೆ. ಗುಣದ ಮಾತು ಬರೆಯಬಾರದು, ನಡೆದದ್ದನ್ನು ಮಾತ್ರ ಬರೆಯಬೇಕು. ಕರ್ಣ ದಾನಶೂರ ಅಂತ ಬರೆದರೆ ಹಾಳೆ ಅಲ್ಲಿಗೇ ಮುಗಿಯುತ್ತದೆ. ಯಾರು ಕೇಳಿದರು, ಏನು ಕೊಟ್ಟ, ಕೊಡುವಾಗ ಪಕ್ಕದಲ್ಲಿ ಯಾರಿದ್ದರು, ಹೀಗೆ ಬರೆದರೆ ಮುಂದೆ ಕೆಲಸಕ್ಕೆ ಬರುತ್ತದೆ. ನಾನು ಎರಡು ಶಾಯಿ ಬಳಸುತ್ತೇನೆ. ನಮ್ಮ ಕುಮಾರವ್ಯಾಸನಲ್ಲಿ ಓದಿದ್ದಕ್ಕೆ ಕಪ್ಪು, ವ್ಯಾಸಭಾರತದ ಕನ್ನಡ ಗದ್ಯದಲ್ಲಿ ಓದಿದ್ದಕ್ಕೆ ಕೆಂಪು. ಎರಡನ್ನೂ ಕಲಸಿದರೆ ಯಾವ ಮಾತು ಯಾರದು ಅಂತ ಆಮೇಲೆ ತಿಳಿಯುವುದಿಲ್ಲ. ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಿಸುವ ಮೇಜಿನ ಮೇಲೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಮೂರು ಕಡೆ ಹೊಂದಿದರೆ ಕಚ್ಚಾ ಹೊಲಿಗೆ. ಒಂದು ಶ್ರಾವಣದಿಂದ ಇನ್ನೊಂದು ಶ್ರಾವಣದವರೆಗೆ ಅದು ಹಾಗೇ ಇರುತ್ತದೆ. ಮತ್ತೆ ಓದಿದಾಗಲೂ ಜೋಡಿ ನಿಂತರೆ ಮೇಣ ಹಚ್ಚಿದ ದಾರದಿಂದ ಗಟ್ಟಿ ಹೊಲಿಗೆ.

ಎಷ್ಟೋ ಜೋಡಿ ಬಿಚ್ಚಿದ್ದೇನೆ. ಕರ್ಣ ಮತ್ತು ಏಕಲವ್ಯನನ್ನು ಎಲ್ಲರೂ ಸೇರಿಸುತ್ತಾರೆ, ನಾನೂ ಸೇರಿಸಿದ್ದೆ. ಆದರೆ ಕರ್ಣನಿಗೆ ರಾಜ್ಯ ಸಿಕ್ಕಿತು, ಗೆಳೆಯ ಸಿಕ್ಕ, ಮಾತಾಡಲು ಸಭೆ ಸಿಕ್ಕಿತು. ಏಕಲವ್ಯನಿಗೆ ಕಾಡು ಬಿಟ್ಟರೆ ಏನೂ ಇಲ್ಲ. ಇಬ್ಬರನ್ನೂ ಒಂದೇ ಮಾಡಿದರೆ ಏಕಲವ್ಯನಿಗೆ ಅನ್ಯಾಯ ಆಗುತ್ತದೆ. ಉತ್ತರ ಮತ್ತು ಅಭಿಮನ್ಯುವನ್ನೂ ಹೊಲಿದು ನೋಡಿದೆ. ಇಬ್ಬರೂ ಹುಡುಗರು, ಉತ್ತರನ ತಂಗಿಯೇ ಅಭಿಮನ್ಯುವಿನ ಹೆಂಡತಿ. ಆದರೆ ಅಭಿಮನ್ಯು ಒಂದು ಗಳಿಗೆಯೂ ಹೆದರಲಿಲ್ಲ. ಹೆದರಿಕೆಯೇ ಇಲ್ಲದವನ ಪಕ್ಕದಲ್ಲಿ ಉತ್ತರನನ್ನು ಇಟ್ಟರೆ ಉತ್ತರ ಮತ್ತೆ ನಗೆಪಾಟಲಾಗುತ್ತಾನೆ ಅಷ್ಟೆ. ಅದನ್ನೂ ಬಿಚ್ಚಿದೆ. ಬಹಳ ದಿನ ಉತ್ತರನ ಹಾಳೆ ಒಂಟಿಯಾಗಿಯೇ ಇತ್ತು.

ದಾರಿ ತೋರಿಸಿದ್ದು ನನ್ನ ಅಕ್ಕ. ಒಂದು ಸಂಜೆ ಅವಳ ಮನೆಯಲ್ಲಿ ಕರ್ಣನ ಹಾಳೆ ಓದುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ರಥದ ಗಾಲಿ ಹೂತ ಕಡೆಗೆ ಬಂದಾಗ ಕೈ ನಿಲ್ಲಿಸಿದಳು. "ತಮ್ಮಾ, ಗಾಲಿ ಎತ್ತಾಕ ಕರ್ಣ ಒಬ್ಬನ ಇಳದನಲ್ಲ, ಸಾರಥಿ ಏನ ಮಾಡತಿದ್ದ?" ಅಂದಳು.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ರಥದಿಂದ ಇಳಿದವನು ಕರ್ಣ ಒಬ್ಬನೇ ಅಲ್ಲ ಅಲ್ವಾ? ಉತ್ತರನೂ ಇಳಿದವನು!

ಎರಡೂ ಹಾಳೆ ಮೇಜಿನ ಮೇಲೆ ಇಟ್ಟೆ. ವಿರಾಟನಗರದ ದನಗಳನ್ನು ಕೌರವರು ಹೊಡೆದುಕೊಂಡು ಹೋದಾಗ ಅಲ್ಲಿಯ ರಾಜ ವಿರಾಟ, ಉತ್ತರನ ಅಪ್ಪ, ಸೈನ್ಯ ಸಮೇತ ಇನ್ನೊಂದು ದಿಕ್ಕಿಗೆ ಹೋಗಿದ್ದ. ಮನೆಯಲ್ಲಿ ಉಳಿದ ಗಂಡುಮಗ ಉತ್ತರ ಒಬ್ಬ. ಹೆಣ್ಣುಮಕ್ಕಳ ಮುಂದೆ, ಸಾರಥಿ ಒಬ್ಬ ಇದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ ಅಂದ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಸಾರಥಿಯಾಗಿ ಬಂದ. ಕುಮಾರವ್ಯಾಸ ಈ ಭಾಗವನ್ನು ಎಷ್ಟು ಸಂತೋಷದಿಂದ ಹೇಳಿದ್ದಾನೆ! ಅವನು ಬರೆದ ಭಾಮಿನಿ ಷಟ್ಪದಿ ಅನ್ನುವ ಛಂದಸ್ಸಿಗೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಅನ್ನುವ ನಡಿಗೆ ಇದೆ. ದೊಡ್ಡ ದನಿಯಲ್ಲಿ ಓದಿದರೆ ಉತ್ತರನ ಬಡಾಯಿಯೂ ರಥವೂ ಒಂದೇ ವೇಗದಲ್ಲಿ ಓಡುತ್ತವೆ. ಆಮೇಲೆ ಎದುರಿಗೆ ಕೌರವ ಸೇನೆ ಕಾಣುತ್ತದೆ. ಉತ್ತರ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಉದ್ದ ಜಡೆ ಹಾರಿಸುತ್ತ ಬೆನ್ನಟ್ಟುತ್ತಾಳೆ. ಕೆಂಪು ಶಾಯಿಯಲ್ಲಿ ನಾನು ಬರೆದಿಟ್ಟದ್ದು ಹೀಗಿದೆ: ಅರ್ಜುನ ನೂರು ಹೆಜ್ಜೆ ಓಡಿ ಉತ್ತರನ ಕೂದಲು ಹಿಡಿದ. ಉತ್ತರ ಅಳುತ್ತ ಚಿನ್ನ ಕೊಡುತ್ತೇನೆ, ವೈಡೂರ್ಯ ಕೊಡುತ್ತೇನೆ, ಹತ್ತು ಆನೆ ಕೊಡುತ್ತೇನೆ, ಬಿಟ್ಟುಬಿಡು ಅಂದ. ಅರ್ಜುನ ನಕ್ಕ. ಬೈಯಲಿಲ್ಲ. ನಿನಗೆ ಕಾದಲು ಆಗದಿದ್ದರೆ ನೀನು ಕುದುರೆ ಹಿಡಿ, ನಾನು ಕಾದುತ್ತೇನೆ ಅಂದ.

ಇನ್ನೊಂದು ಹಾಳೆ. ಯುದ್ಧದ 17ನೇ ದಿನ. ಕರ್ಣನ ಎಡಗಾಲಿ ನೆಲದಲ್ಲಿ ಹೂತಿದೆ. ಅವನೂ ರಥದಿಂದ ಧುಮುಕುತ್ತಾನೆ. ಓಡಲು ಅಲ್ಲ, ಗಾಲಿ ಎತ್ತಲು. ಸ್ವಲ್ಪ ಹೊತ್ತು ತಡಿ ಅಂತ ಕೇಳುತ್ತಾನೆ. ಅವನ ಸಾರಥಿ ಶಲ್ಯ ಗಾಲಿಗೆ ಕೈ ಹಚ್ಚಲಿಲ್ಲ. ಎದುರಿಗೆ ಇದ್ದವನು ಅದೇ ಅರ್ಜುನ. ರಥದಿಂದ ಇಳಿದ ಹುಡುಗನ ಹಿಂದೆ ನೂರು ಹೆಜ್ಜೆ ಓಡಿ ಹೋಗಿ ವಾಪಸ್ ಹತ್ತಿಸಿಕೊಂಡವನು, ರಥದಿಂದ ಇಳಿದ ಅಣ್ಣನಿಗೆ ಬಾಣ ಬಿಟ್ಟ. ಅಣ್ಣ ಅಂತ ಅವನಿಗೆ ಗೊತ್ತಿರಲಿಲ್ಲ.

ಇದನ್ನು ಕಂಡ ಮೇಲೆ ಉಳಿದದ್ದು ತಾನಾಗಿ ಬಂತು. ಕರ್ಣನನ್ನು ಸಾಕಿದ ಅಧಿರಥ ಸಾರಥಿ. ಪಂದ್ಯದ ಕಣದಲ್ಲಿ ಅಂಗರಾಜ್ಯದ ಅಭಿಷೇಕ ಆದ ಕೂಡಲೇ ಆ ಮುದುಕ ಕೋಲು ಊರಿಕೊಂಡು ಬಂದ. ಕರ್ಣ ಅಭಿಷೇಕದ ನೀರು ಇನ್ನೂ ಆರದ ತಲೆ ಬಾಗಿಸಿ ಎಲ್ಲರ ಮುಂದೆ ಅಪ್ಪನ ಕಾಲಿಗೆ ಬಿದ್ದ. ನಿನ್ನ ಕೈಗೆ ಚಾಟಿಯೇ ಸರಿ ಅಂತ ಭೀಮ ಹಂಗಿಸಿದ. ಅಂದಿನಿಂದ ಸಾರಥಿ ಅನ್ನುವ ಮಾತು ಅವನಿಗೆ ಬೈಗುಳವಾಗಿ ಬೆನ್ನು ಹತ್ತಿತು. ಅಂಥವನು, ಸಾರಥಿಯ ಮನೆಯಲ್ಲೇ ಬೆಳೆದವನು, ಕೊನೆಗೆ ಒಳ್ಳೆಯ ಸಾರಥಿ ಇಲ್ಲದೆ ಹೋದ. ಅರ್ಜುನನಿಗೆ ಕೃಷ್ಣ ಇದ್ದಾನೆ, ನನಗೆ ಶಲ್ಯ ಬೇಕು ಅಂತ ಅವನೇ ಕೇಳಿ ಪಡೆದಿದ್ದ. ಕುದುರೆ ಗೊತ್ತಿರುವವರಲ್ಲಿ ಶಲ್ಯ ಕೃಷ್ಣನಿಗೆ ಸಮ. ಆದರೆ ಕರ್ಣನ ಎದೆಗುಂದಿಸುತ್ತೇನೆ ಅಂತ ಅವನು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ. ದಾರಿಯುದ್ದಕ್ಕೂ ಚುಚ್ಚಿದ. ಎಂಜಲು ತಿಂದು ಕೊಬ್ಬಿದ ಕಾಗೆ ಹಂಸದ ಜೊತೆ ಪಂದ್ಯ ಕಟ್ಟಿ ಸಮುದ್ರದ ಮೇಲೆ ಹಾರಿದ ಕಥೆ ಹೇಳಿ, ನೀನೇ ಆ ಕಾಗೆ ಅಂದ.

ಉತ್ತರ ರಾಜನ ಮಗ. ಅವನು ಸಾರಥಿಯ ಜಾಗದಲ್ಲಿ ಕುಳಿತ. ನಾಚಿಕೆ ಪಡಲಿಲ್ಲ. ಬನ್ನಿಗಿಡ ಹತ್ತಿ, ಹೆಣ ಅಂತ ಊರವರು ನಂಬಿದ್ದ ಗಂಟು ಬಿಚ್ಚಿ ಗಾಂಡೀವ ಇಳಿಸಿಕೊಟ್ಟ. ಆಮೇಲೆ ಲಗಾಮು ಹಿಡಿದು ಭೀಷ್ಮ, ದ್ರೋಣರ ನಡುವೆ ರಥ ಓಡಿಸಿದ. ಅದೇ ದಿನ ಅದೇ ಬಯಲಲ್ಲಿ ಅರ್ಜುನನ ಬಾಣ ತಾಳದೆ ಕರ್ಣನೂ ಹಿಂದೆ ಸರಿದು ಓಡಿದ್ದಾನೆ. ಓಡಿದ್ದಕ್ಕೆ ಗಾದೆ ಆಗಿರುವುದು ಉತ್ತರನ ಹೆಸರಲ್ಲಿ ಮಾತ್ರ. ಅರ್ಜುನನ ಅಸ್ತ್ರಕ್ಕೆ ಕೌರವರು ಎಚ್ಚರ ತಪ್ಪಿ ಬಿದ್ದಾಗ ತಂಗಿಯ ಗೊಂಬೆಗಳಿಗೆ ಅಂತ ಉತ್ತರ ಇಳಿದು ಹೋಗಿ ಅವರ ಬಟ್ಟೆ ತಂದ. ಕರ್ಣನದು ಹಳದಿ ಬಟ್ಟೆ. ಈ ಇಬ್ಬರು ಅಷ್ಟು ಹತ್ತಿರ ಬಂದದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ. ಹಾಳೆಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಊರಿಗೆ ಬಂದ ಮೇಲೆ ಉತ್ತರ ಮಾಡಿದ್ದು ಇನ್ನೂ ದೊಡ್ಡದು. ನಾನೇ ಗೆದ್ದೆ ಅಂತ ಹೇಳು ಅಂತ ಅರ್ಜುನನೇ ಹೇಳಿಕೊಟ್ಟಿದ್ದ. ಊರು ತೋರಣ ಕಟ್ಟಿತ್ತು. ಉತ್ತರ ಅಪ್ಪನ ಮುಂದೆ ನಿಂತು, ಗೆದ್ದವನು ನಾನಲ್ಲ, ಒಬ್ಬ ದೇವಕುಮಾರ, ನಾನು ಹೆದರಿ ಓಡುತ್ತಿದ್ದೆ, ಅವನು ತಡೆದು ನಿಲ್ಲಿಸಿದ ಅಂದ. ತುಂಬಿದ ಸಭೆಯಲ್ಲಿ ನಾನು ಓಡಿದೆ ಅಂತ ತಾನೇ ಹೇಳಿಕೊಳ್ಳಲು ಎಷ್ಟು ಎದೆ ಬೇಕು! ಸ್ಟೇಜಿನಿಂದ ಇಳಿದು ಓಡಿದವನಾಗಿ ನನಗೆ ಅದು ಗೊತ್ತು.

ಕೊನೆಯ ಹೊಂದಿಕೆ ಸಿಕ್ಕಿದ್ದು ತೀರ ಆಮೇಲೆ, ಭೀಷ್ಮಪರ್ವದಲ್ಲಿ. ಕುರುಕ್ಷೇತ್ರದ ಮೊದಲ ದಿನ ಉತ್ತರ ಆನೆ ಏರಿ ಬರುತ್ತಾನೆ. ಈಗ ಅವನ ಮುಂದೆ ಅರ್ಜುನ ಕುಳಿತಿಲ್ಲ. ನೇರ ಹೋಗಿ ನಿಂತದ್ದು ಶಲ್ಯನ ಎದುರಿಗೆ. ಅವನ ಆನೆ ಶಲ್ಯನ ರಥದ ನೊಗದ ಮೇಲೆ ಕಾಲಿಟ್ಟು ನಾಲ್ಕೂ ಕುದುರೆ ಕೊಂದಿತು. ಶಲ್ಯ ಶಕ್ತಿ ಅನ್ನುವ ಕಬ್ಬಿಣದ ಈಟಿ ಎಸೆದ. ಅಂಕುಶ ಕೈಯಿಂದ ಜಾರಿತು, ಉತ್ತರ ಆನೆಯ ಮೇಲಿಂದ ಬಿದ್ದ. ಉತ್ತರನನ್ನು ಕೊಂದ ಶಲ್ಯನೇ 17ನೇ ದಿನ ಕರ್ಣನ ಕುದುರೆ ಹಿಡಿದ. ನಾನು ಕಚ್ಚಾ ದಾರ ತೆಗೆದು ಮೇಣದ ದಾರ ಹಾಕಿದ್ದು ಅವತ್ತೇ.

ಆ ವರ್ಷ ಶ್ರಾವಣದಲ್ಲಿ ನಮ್ಮ ಓಣಿಯ ಹನಮಪ್ಪನ ಗುಡಿಯಲ್ಲಿ ಈ ಜೋಡಿ ಓದಿದೆ. ಅದಕ್ಕೆ ಮೊದಲು ವೀರನಾರಾಯಣ ಗುಡಿಗೆ ಹೋಗಿ ಕುಮಾರವ್ಯಾಸನ ಕಂಬದ ಹತ್ತಿರ ಸ್ವಲ್ಪ ಹೊತ್ತು ಕುಳಿತೆ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸನೇ, ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು, ಅದು ಆರುವವರೆಗೆ ಆ ಕಂಬಕ್ಕೆ ಒರಗಿ ಪದ್ಯ ಹೇಳುತ್ತಿದ್ದ ಅಂತ ನಮ್ಮ ಊರು ನಂಬುತ್ತದೆ. ಅವನು ನಗಿಸಿದ ಹುಡುಗನ ಸಾವನ್ನು ಇವತ್ತು ಓದುತ್ತಿದ್ದೇನೆ ಅಂತ ಮನಸ್ಸಿನಲ್ಲೇ ಹೇಳಿದೆ. ಸಂಜೆ ನನ್ನ ಕೈ ನಡುಗಿತು. ಅಕ್ಕ ಪಕ್ಕದಲ್ಲೇ ಕುಳಿತು ಹಾಳೆ ತಿರುವಿ ಕೊಟ್ಟಳು. ಓಡುವ ಕಡೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆನೆಯ ಕಡೆ ಬಂದಾಗ ಗುಡಿ ಸುಮ್ಮನಾಯಿತು. ಮುಗಿದ ಮೇಲೆ ವಯಸ್ಸಾದ ಒಬ್ಬ ಆಯಿ ಹತ್ತಿರ ಬಂದು, "ಯಪ್ಪಾ, ಆ ಹುಡುಗ ಸತ್ತದ್ದು ನನಗ ಗೊತ್ತ ಇರಲಿಲ್ಲ ನೋಡು" ಅಂದರು. ಕಣ್ಣು ಒರೆಸಿಕೊಂಡರು.

ದಸರಾದಲ್ಲಿ ನಾವು ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಅನ್ನುತ್ತೇವೆ. ಕಳೆದ ದಸರಾಕ್ಕೆ ಅಕ್ಕನ ಮಗ ನನ್ನ ಕೈಯಲ್ಲಿ ಬನ್ನಿ ಇಟ್ಟು, "ಮಾಮಾ, ಪಾಂಡವರ ಆಯುಧ ಇಳಸಾಕ ಗಿಡ ಯಾರ ಹತ್ತಿದ್ರು? ಅರ್ಜುನನ?" ಅಂತ ಕೇಳಿದ. ಅಲ್ಲ ಅಂದೆ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಉತ್ತರನ ಹಾಳೆ ತೆಗೆದೆ.